ಅರಿಶಿನದ ಡಬ್ಬಿ ಒಳಗಿಟ್ಟಿದ್ದೇನೆ

ವೆಲ್ಡಿಂಗ್ ಅಂಗಡಿಯ ಮಾಲೀಕ ಹನೀಫಸಾಹೇಬರಿಗೆ,

ನಿಮ್ಮ ಅಂಗಡಿಯ ಹಿಂದಿನ ಮನೆಯ ರಹಿಮಾಬಿ ಬರೆಯುವುದು. ಸಲಾಂ ಹೇಳುವ ಮನಸ್ಸಿಲ್ಲ.

ಕೆಲಸಗಾರರ ಕೈಯನ್ನು ತಗಡು ಕೊಯ್ದಾಗಲೆಲ್ಲ, "ಹೋಗೋ, ಖಾಲಾನ ಕಡೆ ಅರಿಶಿಣ ಹಚ್ಚಿಸ್ಕೊಂಡು ಬಾ" ಎಂದು ನನ್ನ ಅಡುಗೆಮನೆಗೆ ಅಟ್ಟಿದಿರಿ. ನಾನು ಗಾಯ ತೊಳೆದು, ಅರಿಶಿನ ಒತ್ತಿ, ಹಳೆಯ ಸೀರೆ ಹರಿದು ಕಟ್ಟಿದೆ. ಅಂಗಡಿಯಲ್ಲೇ ಹತ್ತಿ, ಮುಲಾಮು ಇಡಿ ಎಂದರೆ, "ಇಷ್ಟ ಸಣ್ಣ ಗಾಯಕ್ಕ ಅದೆಲ್ಲಾ ಯಾಕಬೇ?" ಎಂದು ನಕ್ಕಿರಿ.

ನಿನ್ನೆ ನಿಮ್ಮ ಹೆಬ್ಬೆರಳನ್ನೇ ತಗಡು ಕೊಯ್ದಿತು. ಅದೂ ಸಣ್ಣ ಗಾಯವೇ. ಅರಿಶಿನದ ಡಬ್ಬಿ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ದಾಟಿ, ಕಾರು ಹತ್ತಿ ಬಾಗೇವಾಡಿಯ ದವಾಖಾನೆಗೆ ಹೋದಿರಿ.

ಇನ್ನು ಯಾರ ಕೈ ಕೊಯ್ದರೂ ಅದೇ ಕಾರು ತೆಗೆಯಿರಿ.

ಇಂತಿ,
ಹರಿಯಲು ಸೀರೆ ಉಳಿಯದ
ರಹಿಮಾಬಿ