ಒಂದು ಕಪ್ಪಿಗೆ ಒಂದೇ ಬಿಳಿ

ಜನವರಿ ೯, ಮಂಗಳವಾರ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು ದಿನವಾಯಿತು. ಬರೆಯಲು ಕುಳಿತಾಗಲೆಲ್ಲ ಎರಡು ಸಾಲಿಗೇ ಎದ್ದುಬಿಟ್ಟೆ. ಬೇಸರ ಮಾಡಿಕೊಳ್ಳಬೇಡ.

ನಿನ್ನ ಸೋದರತ್ತೆ ದೇವರ ದಯೆಯಿಂದ ಹುಷಾರಾಗಿದ್ದಾಳೆ. ನಿನ್ನಪ್ಪ ಹೋದ ಮೇಲೆ ಅಂಗಡಿಯ ಇಸ್ತ್ರಿ ಮೇಜು ಅವಳದೇ ತಾನೆ. ಆ ದಿನ ಅಲ್ಲೇ ಕುಸಿದಳು. ಹೊರಗೆ ಎಳೆದು ತಂದ ಮೇಲೆ ಕಣ್ಣುಬಿಟ್ಟಳು. ಇಸ್ತ್ರಿಪೆಟ್ಟಿಗೆ ಕಾಯಿಸುವ ಇದ್ದಿಲೊಲೆ ಉರಿಯುವಾಗ ಕಿಟಕಿ ಮುಚ್ಚಿತ್ತೇ ಎಂದು ಕೇಳಿದ್ದೀಯ. ಹೌದು, ಮುಚ್ಚಿತ್ತು. ಬೂದಿ ಹಾರಿ ಬಿಳಿ ಬಟ್ಟೆಯ ಮೇಲೆ ಕೂರುತ್ತದೆಂದು ಗಾಳಿಯ ದಿನ ನಾನೇ ಮುಚ್ಚುವುದು.

ನೀನು ಶಾಲೆಯ ಮಕ್ಕಳಿಗೆ ಹೇಳಿಕೊಡುವಂತೆ ಬರೆದ ರಾಸಾಯನಿಕ ಕ್ರಿಯೆಗಳ ಪಾಠವನ್ನು ಮೂರು ಸಲ ಓದಿದೆ. ಸೇರುವುದು, ಒಡೆಯುವುದು, ಒಂದು ಇನ್ನೊಂದರ ಜಾಗ ಕಿತ್ತುಕೊಳ್ಳುವುದು. ನಮ್ಮ ಒಲೆಯದು ಸೇರುವ ಬಗೆ. ಅಲ್ಲಿವರೆಗೆ ತಿಳಿಯಿತು. ಸಮೀಕರಣ ಮಾತ್ರ ತಲೆಗೆ ಹತ್ತಲಿಲ್ಲ. ಕಿತ್ತುಹೋದ ಗುಂಡಿಗಳ ಡಬ್ಬಿ ಸುರಿದುಕೊಂಡೆ. ಕಪ್ಪು ಗುಂಡಿ ಇಂಗಾಲ, ಬಿಳಿಯದು ಆಮ್ಲಜನಕ, ಅದು ಜೋಡಿಯಾಗಿಯೇ ಬರಬೇಕು. ಗಾಳಿ ಸಾಕಷ್ಟಿದ್ದರೆ ಒಂದು ಕಪ್ಪಿಗೆ ಎರಡು ಬಿಳಿ. ಸರಿಹೋಯಿತು. ಗಾಳಿ ಸಾಲದಿದ್ದರೆ ಒಂದು ಕಪ್ಪಿಗೆ ಒಂದೇ ಬಿಳಿ. ಇನ್ನೊಂದು ಬಿಳಿ ಉಳಿದುಬಿಟ್ಟಿತು. ಎಡಕ್ಕಿರುವುದೆಲ್ಲ ಬಲಕ್ಕೂ ಇರಬೇಕೆಂದು ನೀನು ಗೆರೆ ಎಳೆದು ಬರೆದಿದ್ದೆ, ಎಸೆಯುವ ಹಾಗಿಲ್ಲ. ಮತ್ತೊಂದು ಕಪ್ಪು ತಂದಿಟ್ಟೆ. ಎರಡು ಜೋಡಿಯಾದವು. ನೀನು ಬರೆದ ವಾಸನೆಯೇ ಇಲ್ಲದ ವಿಷ ಇದೇ ಎಂದು ಗೊತ್ತಾಯಿತು.

ನಿನ್ನ ಸೋದರತ್ತೆಗೆ ನಗು. “ಏನತ್ತಿಗೆ, ಐವತ್ತು ವರ್ಷಕ್ಕೆ ಮತ್ತೆ ಒಂದನೇ ಕ್ಲಾಸಾ? ಫೇಲಾದ್ರೂ ಟೀಚರ್ ನಿಮ್ಮ ಮಗಳೇ, ಹೊಡಿಯಲ್ಲ ಬಿಡಿ.”

“ನಗಬೇಡ. ಮೊದ್ಲು ಒಲೆ ಹೊರಗಿಡು.”

“ಇಟ್ಟಾಯ್ತು, ಕಿಟಕಿನೂ ತೆಗ್ದಾಯ್ತು. ಇನ್ನೂ ಯಾಕೆ ಬಿಳಿಚ್ಕೊಂಡು ಕೂತಿದ್ದೀರಿ?”

ಗುಂಡಿಗಳನ್ನು ಡಬ್ಬಿಗೆ ತುಂಬಿದೆ. ನನ್ನ ಭಯ ಮುಂದಾಗುವುದರದ್ದಲ್ಲ, ಆಗಿಹೋದದ್ದರದು. ದೀಪ ಹಚ್ಚಿ ಕುಳಿತರೆ ದೇವರ ಹೆಸರು ಬಾಯಿಗೆ ಬರುವುದಿಲ್ಲ.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯವಾಗಲಿಲ್ಲ. ನಿನ್ನಪ್ಪ ಹೋದ ದಿನವೂ ಜೋರು ಗಾಳಿ. ಆಸ್ಪತ್ರೆಯ ಬಿಳಿ ಕೋಟುಗಳ ಗಂಟು ಬಂದಿತ್ತು. “ತಲೆ ಸಿಡೀತಿದೆ, ಕಿಟಕಿ ತೆಗಿಯೇ” ಎಂದು ಎರಡು ಸಲ ಕೇಳಿದರು. “ಇನ್ನು ಹತ್ತೇ ಕೋಟು, ತಡ್ಕೊಳ್ಳಿ” ಎಂದು ಹೇಳಿ, ಇಸ್ತ್ರಿ ಆಗಿದ್ದಷ್ಟನ್ನು ಕೊಟ್ಟುಬರಲು ಹೋದೆ. ಬರುವಷ್ಟರಲ್ಲಿ ಮುಗಿದಿತ್ತು. ಡಾಕ್ಟರು ಹೃದಯ ಎಂದರು, ನಾನು ನಂಬಿದೆ. ನಿನ್ನಪ್ಪ ಕಿಟಕಿ ತೆಗೆ ಎಂದು ಕೇಳಿದ್ದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಓದಿದವಳು ನೀನು. ಅದು ಹೃದಯವೇ ಆಗಿರಬಹುದು ಅನ್ನಿಸಿದರೆ ಒಂದು ಸಾಲು ಬರೆ. ಅನ್ನಿಸದಿದ್ದರೆ ನನ್ನ ಸಮಾಧಾನಕ್ಕೆಂದು ಬರೆಯಬೇಡ.