ಮುಳುಗಿಸಿಟ್ಟ ನಾವೆಯನ್ನು ಕಾಪಾಡಿದವರಿಗೆ

ಜಲಪರಂಪರೆ ಸಂರಕ್ಷಣಾ ಕೋಶದ ಮಾನ್ಯ ಮುಖ್ಯಸ್ಥರೇ,

ನೀವು ಕಾಪಾಡಿದ ನಾವೆ ಸಾಯುತ್ತಿದೆ. ಇದನ್ನು ನಿಮಗೆ ಮೆತ್ತಗೆ ಹೇಳಿ ಆಯಿತು, ಕೈಮುಗಿದು ಹೇಳಿ ಆಯಿತು, ನಿಮ್ಮ ಕಚೇರಿಯ ಬಾಗಿಲಲ್ಲಿ ನಿಂತು ದನಿ ಏರಿಸಿಯೂ ಹೇಳಿ ಆಯಿತು. ಮೂರಕ್ಕೂ ನಿಮ್ಮಿಂದ ಬಂದದ್ದು ಒಂದೇ ಉತ್ತರ, ಒಂದು ಮುಗುಳ್ನಗೆ. ಇನ್ನು ನನ್ನ ಹತ್ತಿರ ಉಳಿದಿರುವುದು ನಾಲ್ಕು ಜನ ಓದುವ ಹಾಗೆ ಬರೆಯುವ ದಾರಿ ಮಾತ್ರ, ಅದನ್ನು ಹಿಡಿದಿದ್ದೇನೆ.

ಓದುಗರಿಗೆ ಮೊದಲಿನಿಂದ ಹೇಳಬೇಕು. ಯುಗಾದಿ ಮುಗಿದ ಕೆಲವು ದಿನಗಳಿಗೆ ನಿಮ್ಮ ಫೋಟೋ ಪತ್ರಿಕೆಗಳಲ್ಲಿ ಬಂತು. ಹಿಂದೆ ಜೆಸಿಬಿ, ಅದರ ಕೈಗೆ ಸರಪಳಿಯಿಂದ ನೇತುಬಿದ್ದ ಒಂದು ಮರದ ನಾವೆ, ಮುಂದೆ ಕೊರಳಲ್ಲಿ ಹಾರ ಹಾಕಿಕೊಂಡು ನಿಂತ ತಾವು. ಖಾನಾಪುರ ತಾಲೂಕಿನಲ್ಲಿ ಮಲಪ್ರಭೆಯ ತಳದಲ್ಲಿ ಕೊಳೆಯುತ್ತ ಬಿದ್ದಿದ್ದ ಪುರಾತನ ಹಡಗಿಗೆ ಮರುಜೀವ ಎಂದು ಮೇಲೆ ದಪ್ಪ ಅಕ್ಷರ. ಹಡಗಂತೆ! ನಮ್ಮ ಹೊಳೆಯಲ್ಲಿ ಹಡಗು ಎಲ್ಲಿಂದ ಬರಬೇಕು ಮಾನ್ಯರೇ, ಬೇಸಿಗೆಯಲ್ಲಿ ಅದನ್ನು ಎಮ್ಮೆಗಳು ಮೊಣಕಾಲು ನೆನೆಸಿಕೊಂಡು ದಾಟುತ್ತವೆ. ಅದು ನಮ್ಮೂರಿನ ನಾವೆ. ಅದು ಮುಳುಗಿರಲಿಲ್ಲ. ಅದನ್ನು ನಾವೇ, ಊರಿನವರೆಲ್ಲ ಕೂಡಿ, ಮುಳುಗಿಸಿ ಇಟ್ಟಿದ್ದೆವು.

ನಾನು ಬೆಳಗಾವಿಯ ಆಟೋ ನಗರದಲ್ಲಿ ಲಾರಿಗಳಿಗೆ ಮರದ ಬಾಡಿ ಕಟ್ಟುವವನು. ಊರು ಬೀಡಿಯ ಆಚೆ, ಹೊಳೆಯ ದಂಡೆಗೆ. ನಮ್ಮೂರಿನ ಹೊಲದಲ್ಲಿ ಅರ್ಧ ಆಚೆ ದಂಡೆಗಿದೆ. ಬೇಸಿಗೆಯಲ್ಲಿ ನಡೆದು ಹೋಗುತ್ತೇವೆ, ಮಳೆಗಾಲದಲ್ಲಿ ನಾವೆ ಬೇಕು. ಸೇತುವೆ ಸುತ್ತಿ ಹೋಗುವುದೆಂದರೆ ಬೆಳಗಿನ ರೊಟ್ಟಿಯ ಗಂಟನ್ನು ದಾರಿಯಲ್ಲೇ ಬಿಚ್ಚಬೇಕಾಗುತ್ತದೆ. ಸುತ್ತಲಿನ ಊರುಗಳಲ್ಲೂ ಒಂದು ಕಾಲಕ್ಕೆ ಇಂಥ ನಾವೆಗಳಿದ್ದವು. ಸೇತುವೆ ಆದ ಕಡೆ ಅವು ಒಲೆ ಸೇರಿದವು, ಇಲ್ಲವೆ ಎಮ್ಮೆಗಳಿಗೆ ನೀರಿಡುವ ದೋಣಿಗಳಾದವು. ಉಳಿದದ್ದು ನಮ್ಮದೊಂದೇ. ಉಳಿದದ್ದೇಕೆಂದು ನೀವು ಕೇಳಲಿಲ್ಲ, ಕೇಳದಿದ್ದರೂ ಹೇಳುತ್ತೇನೆ.

ಶಿವರಾತ್ರಿ ಕಳೆಯಿತೆಂದರೆ ಹೊಳೆ ಸೊರಗುತ್ತದೆ. ನಾವೆಯನ್ನು ದಂಡೆಗೆ ಎಳೆದಿಟ್ಟರೆ ಬಿಸಿಲಿಗೆ ಹಲಗೆಗಳು ಒಣಗಿ ಕುಗ್ಗುತ್ತವೆ, ಸಂದು ಬಿಡುತ್ತವೆ, ಸಂದಿಗೆ ತುಂಬಿದ ನಾರು ಉದುರುತ್ತದೆ. ಅದಕ್ಕೆ ಊರ ಮುಂದಿನ ಮಡುವಿನಲ್ಲಿ, ವರ್ಷವಿಡೀ ನೀರು ನಿಲ್ಲುವ ಜಾಗದಲ್ಲಿ, ಕಲ್ಲು ಹೇರಿ ಅದನ್ನು ತಳಕ್ಕೆ ಇಳಿಸುತ್ತೇವೆ. ಬೇಸಿಗೆಯೆಲ್ಲ ಅದು ನೀರಿನ ಕೆಳಗೆ ತಣ್ಣಗೆ ಇರುತ್ತದೆ. ಕಲ್ಲು ಮನೆಗೊಂದು. ಯಾವ ಮನೆಯವರು ಕಲ್ಲು ಇಟ್ಟರೋ ಆ ಮನೆಗೆ ಮಳೆಗಾಲದಲ್ಲಿ ನಾವೆಯೊಳಗೆ ಕೂರುವ ಹಕ್ಕು. ಕೋರ್ಟಿನಲ್ಲಿ ಹೊಲದ ವ್ಯಾಜ್ಯ ಹಾಕಿಕೊಂಡು ಮಾತು ಬಿಟ್ಟ ಅಣ್ಣತಮ್ಮಂದಿರೂ ಆ ದಿನ ಹೆಗಲ ಮೇಲೆ ಒಂದೊಂದು ಕಲ್ಲು ಹೊತ್ತು ಬರುತ್ತಾರೆ, ಒಬ್ಬರ ಮುಖ ಒಬ್ಬರು ನೋಡದೆ ಇಟ್ಟು ಹೋಗುತ್ತಾರೆ. ಕಾರ ಹುಣ್ಣಿಮೆಯ ಹೊತ್ತಿಗೆ ಈಜು ಬಲ್ಲವರು ಮುಳುಗಿ ಕಲ್ಲು ತೆಗೆದು ಅದನ್ನು ಎತ್ತುತ್ತಾರೆ. ದಂಡೆಯ ಮೇಲೆ ಬೋರಲು ಹಾಕಿ ತಟ್ಟಿ ನೋಡಿ, ಸತ್ತ ಹಲಗೆ ಇದ್ದರೆ ಅದೊಂದನ್ನು ಬಿಚ್ಚಿ ಹೊಸದು ಕೂಡಿಸಿ, ಸಂದಿಗೆ ಪುಂಡಿ ನಾರು ಬಡಿದು, ಮೇಲೆ ಕುಸುಬಿ ಎಣ್ಣೆಯಲ್ಲಿ ಕಾಯಿಸಿದ ರಾಳ ಬಳಿಯುತ್ತೇವೆ. ರಾಳವನ್ನು ಬೆಳಗಾವಿಯ ರವಿವಾರ ಪೇಟೆಯಿಂದ ನಾನೇ ಒಯ್ಯುತ್ತೇನೆ. ಹೀಗೆ ಒಂದೊಂದೇ ಹಲಗೆ ಬದಲಾಗುತ್ತ ನಾವೆ ನಮ್ಮ ಮುತ್ತಜ್ಜನ ಕಾಲದಿಂದ ಬಂದಿದೆ. ನಿಮ್ಮ ಭಾಷೆಯಲ್ಲಿ ಇದಕ್ಕೆ ಸಂರಕ್ಷಣೆ ಎನ್ನುತ್ತಾರೆಂದು ನಿಮ್ಮ ಕೋಶದ ಬೋರ್ಡು ನೋಡಿ ತಿಳಿಯಿತು. ನಾವು ಅದಕ್ಕೆ ಹೆಸರೇ ಇಟ್ಟಿರಲಿಲ್ಲ.

ನೀವು ಜೆಸಿಬಿ ತಂದ ದಿನ ಗಂಡಸರೆಲ್ಲ ಬೀಡಿಯಲ್ಲಿ ಮದುವೆಗೆ ಹೋಗಿದ್ದರು. ಸದ್ದು ಕೇಳಿ ದಂಡೆಗೆ ಓಡಿಬಂದವಳು ನನ್ನ ದೊಡ್ಡವ್ವ ಫಕೀರವ್ವ. ದೊಡ್ಡಪ್ಪ ತೀರಿಕೊಂಡ ಮೇಲೆ ಬಿದಿರಿನ ಗಳ ಹಿಡಿದು ನಾವೆ ನಡೆಸುವವಳು ಅವಳೇ. ಮೆತ್ತಗಿನ ಹೆಂಗಸು ಅಂದುಕೊಳ್ಳಬೇಡಿ, ನಾವೆ ಹತ್ತುವಾಗ ಚಪ್ಪಲಿ ಬಿಡದವರನ್ನು ನೀರಿಗೆ ನೂಕಿದ್ದಾಳೆ. ನಿಮ್ಮ ಸಿಬ್ಬಂದಿಗೆ ಅವಳು ಹೇಳಿದ್ದು ಇಷ್ಟು:

“ಅದು ಮುಳುಗಿಲ್ರೀ ಸಾಹೇಬ್ರ. ನಾವ ಮುಳುಗಿಸಿ ಇಟ್ಟೇವಿ. ಮಳಿ ಬಂದ ಮ್ಯಾಲ ಎತ್ತತೇವಿ.”

ಅವರು ನಕ್ಕರಂತೆ. ಅಜ್ಜಿಗೆ ವಯಸ್ಸಾಗಿದೆ ಎಂದು ತಮ್ಮತಮ್ಮಲ್ಲೇ ಅಂದುಕೊಂಡರಂತೆ. ಮದುವೆಯ ಊಟ ಮುಗಿಸಿ ಜನ ಊರಿಗೆ ಬರುವಷ್ಟರಲ್ಲಿ ಮಡುವಿನ ನೀರು ಕಲಕಿ ಕೆಂಪಾಗಿತ್ತು, ನಾವೆ ಬೆಳಗಾವಿಯ ದಾರಿ ಹಿಡಿದಿತ್ತು. ಯಾರನ್ನು ಕೇಳಿ ಒಯ್ದಿರಿ ಎಂದರೆ ನಿಮ್ಮ ಉತ್ತರ ಸಿದ್ಧವಿತ್ತು. ಹೊಳೆ ಸರ್ಕಾರದ್ದು, ಹೊಳೆಯಲ್ಲಿ ಸಿಕ್ಕಿದ್ದೂ ಸರ್ಕಾರದ್ದು. ಹಾಗಾದರೆ ಹೊಳೆಯಲ್ಲಿ ಬಟ್ಟೆ ನೆನೆಹಾಕಿದ ನಮ್ಮ ಹೆಂಗಸರು ಇನ್ನು ಮೇಲೆ ಸೀರೆ ಹುಡುಕಿಕೊಂಡು ನಿಮ್ಮ ಕಚೇರಿಗೇ ಬರಬೇಕೋ ಏನೋ.

ಕಲ್ಲುಗಳನ್ನೂ ಬಿಡಲಿಲ್ಲ ನೀವು. ನಿಮ್ಮ ಕಚೇರಿಯ ಪಡಸಾಲೆಯಲ್ಲಿ ಗಾಜಿನ ಕಪಾಟಿನೊಳಗೆ ಅವು ಬಿಳಿ ಬಣ್ಣದ ನಂಬರು ಬರೆಸಿಕೊಂಡು ಸಾಲಾಗಿ ಕೂತಿವೆ. ಪ್ರಾಚೀನ ವಾಣಿಜ್ಯ ಸರಕು ಎಂದು ಕೆಳಗೆ ಚೀಟಿ. ಅದರಲ್ಲಿ ಒಂದು ನಮ್ಮ ಮನೆಯ ಒಡೆದ ಒಳಕಲ್ಲು. ನಮ್ಮವ್ವ ಅದರಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಪಕ್ಕದಲ್ಲಿರುವುದು ನಮ್ಮೂರಿನ ಬಂಡೆಪ್ಪನ ಮನೆಯವರು ತಂದದ್ದು, ಮುರಿದ ಸಿಮೆಂಟ್ ಕಂಬದ ತುಂಡು. ಒಳಗಿನ ಕಬ್ಬಿಣದ ಸಲಾಕೆ ಹೊರಗೆ ಚಾಚಿಕೊಂಡು ಕಣ್ಣಿಗೆ ಹೊಡೆಯುತ್ತದೆ. ಅದಕ್ಕೂ ನಂಬರು, ಅದೂ ಪ್ರಾಚೀನ! ಯಾವ ರಾಜರ ಕಾಲದಲ್ಲಿ ಸಿಮೆಂಟ್ ಕಂಬದ ವ್ಯಾಪಾರ ನಡೆಯುತ್ತಿತ್ತು ಎಂಬುದನ್ನು ತಮ್ಮ ತಜ್ಞರು ಸಾಲಿಯ ಮಕ್ಕಳಿಗೆ ಹೇಗೆ ವಿವರಿಸುತ್ತಾರೋ, ನನಗೆ ಕೇಳುವ ಆಸೆ ಇದೆ. ಮೊದಲ ಸಲ ಅದನ್ನು ನೋಡಿದಾಗ ನಗು ಬಂತು. ಎರಡನೆಯ ಸಲ ಹೇಸಿಗೆ ಆಯಿತು.

ಇನ್ನು ನಾವೆಯ ಗತಿ. ನಿಮ್ಮ ಗುತ್ತಿಗೆದಾರ ಅದನ್ನು ತಂದು ಹಾಕಿದ್ದು ಆಟೋ ನಗರದಲ್ಲಿ, ನನ್ನ ಶೆಡ್ಡಿನ ಬಾಜು, ಫೈಬರ್ ಕೆಲಸ ಮಾಡುವ ಓಂಕಾರನ ಅಂಗಳಕ್ಕೆ. ಬೆಳಿಗ್ಗೆ ನನ್ನ ಶೆಡ್ಡಿನ ಬಾಗಿಲು ತೆಗೆಯುತ್ತೇನೆ, ಎದುರಿಗೆ ನಮ್ಮೂರಿನ ನಾವೆ ಬಿಸಿಲಿನಲ್ಲಿ ಬಾಯಿ ತೆರೆದು ಮಲಗಿದೆ! ನೇರ ಓಂಕಾರನ ಹತ್ತಿರ ಹೋದೆ. ಓಂಕಾರ ಒಳ್ಳೆಯವನು, ಮುಖ ಸಣ್ಣದು ಮಾಡಿಕೊಂಡು ಹೇಳಿದ:

“ಕಲ್ಮೇಶಣ್ಣಾ, ಪೂರಾ ಒಣಗಿಸು, ಆಮ್ಯಾಲ ಒಳಗ ಹೊರಗ ಫೈಬರ್ ಹೊಡಿ ಅಂತ ಹೇಳ್ಯಾರ. ನನಗೂ ಖರೇನ ಮನಸಿಲ್ಲ. ನೀನ ಸಾಹೇಬರನ್ನ ಕೇಳಿ ನೋಡು.”

ಒಣಗಿಸಬೇಕಂತೆ! ನೀರಿನಲ್ಲಿ ಹುಟ್ಟಿ ಬೆಳೆದದ್ದನ್ನು ಏಪ್ರಿಲ್ ಬಿಸಿಲಿಗೆ ಹಪ್ಪಳದ ಹಾಗೆ ಹರವಿಟ್ಟಿರಿ. ವಾರ ಕಳೆಯುವುದರೊಳಗೆ ಸಂದುಗಳಲ್ಲಿ ಬೆರಳು ತೂರುವಂತಾಯಿತು. ನಾನೂ ಓಂಕಾರನೂ ಹಳೆಯ ಗೋಣಿಚೀಲ ನೆನೆಸಿ ಹೊದಿಸಿದೆವು, ಸಂಜೆ ಸಂಜೆ ನೀರು ಹೊಡೆದೆವು. ಹಲಗೆಗಳು ಸ್ವಲ್ಪ ಉಸಿರಾಡಿದವು. ಅಷ್ಟರಲ್ಲಿ ತಾವು ಪರಿಶೀಲನೆಗೆ ದಯಮಾಡಿಸಿದಿರಿ, ಕೋಶದ ಸ್ವತ್ತಿನ ಮೇಲೆ ಹೊಲಸು ಚೀಲ ಹಾಕಿದ್ದಾರೆಂದು ಸಿಟ್ಟಾದಿರಿ, ತೆಗೆಸಿದಿರಿ. ಆಮೇಲೆ ಮುಂಗಾರು ಬಂತು. ಮೊದಲ ಮಳೆ ಬಿದ್ದ ಮಧ್ಯಾಹ್ನ ನಾನು ಕೆಲಸ ಬಿಟ್ಟು ಅಂಗಳದಲ್ಲಿ ನಿಂತು ಖುಷಿಪಟ್ಟೆ, ಯಾರ ಅಪ್ಪಣೆಯೂ ಬೇಡದ ನೀರು ನಾವೆಯ ಮೇಲೆ ಬೀಳುತ್ತಿತ್ತು. ಒಂದು ತಾಸು ಆಗಿರಲಿಕ್ಕಿಲ್ಲ, ನಿಮ್ಮ ಜೀಪು ಬಂತು. ಹೊಸ ತಾಡಪತ್ರಿ ಬಂತು. ನಾಲ್ಕು ಜನ ಮಳೆಯಲ್ಲಿ ತೊಯ್ದುಕೊಂಡು ನಾವೆಯೊಂದನ್ನು ಮಳೆಯಿಂದ ಕಾಪಾಡಿದರು. ಈಗ ಅದನ್ನು ಓಂಕಾರನ ಶೆಡ್ಡಿನೊಳಗೆ ನೂಕಿ ಕೀಲಿ ಹಾಕಿಸಿದ್ದೀರಿ.

ಇದಾದ ಮೇಲೆಯೇ ನಾನು ದೊಡ್ಡವ್ವನನ್ನು ಕರೆದುಕೊಂಡು ನಿಮ್ಮ ಕಚೇರಿಗೆ ಬಂದದ್ದು. ತಾವು ಚಹಾ ತರಿಸಿದಿರಿ, ಇಲ್ಲ ಎನ್ನುವುದಿಲ್ಲ. ಉದ್ಘಾಟನೆಯ ದಿನ ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ ಎಂದು ಅವಳಿಗೆ ಹೇಳಿದಿರಿ. ನಗರದ ಉದ್ಯಾನದಲ್ಲಿ ಸಿಮೆಂಟಿನ ಕಟ್ಟೆ ತಯಾರಾಗಿದೆ, ನಾವೆಯ ತಳಕ್ಕೆ ತೂತು ಕೊರೆದು ಬೋಲ್ಟು ಹಾಕಿ ಅದರ ಮೇಲೆ ಬಿಗಿಯುತ್ತೇವೆ, ಸುತ್ತ ಬಣ್ಣದ ಕಾರಂಜಿ, ಜನ ಫೋಟೋ ತೆಗೆದುಕೊಳ್ಳಲು ಒಂದು ಮೆಟ್ಟಿಲು ಎಂದು ನಕ್ಷೆ ಬಿಚ್ಚಿ ತೋರಿಸಿದಿರಿ. ತಳಕ್ಕೆ ತೂತು ಎಂಬ ಮಾತು ಬಂದಾಗ ದೊಡ್ಡವ್ವ ಚಹಾದ ಕಪ್ಪು ಕೆಳಗಿಟ್ಟಳು. ಶಾಲಿನ ಮಾತು ಎತ್ತಲೇ ಇಲ್ಲ.

“ಅದು ಒಣಗಿ ಸೀಳಾಕತ್ತೇತ್ರಿ. ಮೊದಲ ನೀರಾಗ ಇಡಸ್ರಿ,” ಎಂದಳು.

ತಾವು ಕನಿಕರದಿಂದ ಅವಳತ್ತ ಬಾಗಿ ಹೇಳಿದಿರಿ: “ಅಜ್ಜಿ, ನೀರಿನಲ್ಲಿಟ್ಟರೆ ಹಾಳಾಗುತ್ತದೆ.”

ಮಾನ್ಯರೇ, ಈ ಮಾತನ್ನು ನಾನು ಅವತ್ತಿನಿಂದ ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಯಾರೂ ನಂಬುವುದಿಲ್ಲ, ನಾನೇ ಕಟ್ಟಿ ಹೇಳುತ್ತಿದ್ದೇನೆ ಅನ್ನುತ್ತಾರೆ. ನೀರಿನಲ್ಲಿ ಹಾಳಾಗುವ ನಾವೆಯನ್ನು ನಮ್ಮ ಹಿರಿಯರು ಯಾಕೆ ಕಟ್ಟಿದರು, ಕಪಾಟಿನಲ್ಲಿ ಇಡಲೆಂದೇ? ಮರ ಕೊಳೆಯುವುದು ಒಮ್ಮೆ ನೆನೆದು ಒಮ್ಮೆ ಒಣಗಿ, ಮತ್ತೆ ನೆನೆದಾಗ. ಪೂರ್ತಿ ಮುಳುಗಿದ್ದಕ್ಕೆ ಏನೂ ಆಗುವುದಿಲ್ಲ. ಫೈಬರಿನ ಚಿಪ್ಪಿನೊಳಗೆ ಮುಚ್ಚಿಟ್ಟು ಹೊರಗಿನಿಂದ ಕಾರಂಜಿಯ ನೀರು ಚಿಮುಕಿಸಿದರೆ ಬೋಲ್ಟಿನ ತೂತಿನಿಂದ ನೀರು ಒಳಗೆ ಇಳಿಯುತ್ತದೆ, ಹೊರಗೆ ಬರಲು ದಾರಿ ಇರುವುದಿಲ್ಲ. ಹೊರಗೆ ಮಿರಿಮಿರಿ ಮಿಂಚುತ್ತಿರುತ್ತದೆ, ಒಳಗೆ ಹಲಗೆ ಹಿಟ್ಟಾಗಿರುತ್ತದೆ. ಇದು ನಂಬಿಕೆ ಅಲ್ಲ, ಪೂಜೆ ಅಲ್ಲ, ಮರದ ಗುಣ. ಮರದ ಕೆಲಸದಲ್ಲೇ ನನ್ನ ಕೂದಲು ಬೆಳ್ಳಗಾಗಿದೆ, ನನ್ನ ಮಾತು ಬೇಡವೆಂದರೆ ಬೇರೆ ಯಾವ ಬಡಿಗನನ್ನಾದರೂ ಕೇಳಿ. ಕೇಳುವುದಕ್ಕೆ ಟೆಂಡರ್ ಕರೆಯಬೇಕಾಗಿಲ್ಲ.

ಪರಂಪರೆಯ ಮೇಲೆ ಸರ್ಕಾರಕ್ಕೆ ಪ್ರೀತಿ ಇರಬಾರದು ಎಂದು ನಾನು ಹೇಳುತ್ತಿಲ್ಲ. ಇರಲಿ, ಬಹಳ ಇರಲಿ. ಹೋದ ವರ್ಷ ನಾವೆಯ ಮೂತಿಯ ಹತ್ತಿರದ ಹಲಗೆಯೊಂದು ಸತ್ತಿತ್ತು. ಅಷ್ಟು ಉದ್ದದ ಮತ್ತಿ ಹಲಗೆ ಎಲ್ಲೂ ಸಿಗಲಿಲ್ಲ. ಬಿದ್ದ ಮರದಲ್ಲಿ ಒಂದು ಹಲಗೆ ಕೊಡಿಸಿ ಎಂದು ಊರಿನವರು ನಿಮ್ಮ ಕೋಶಕ್ಕೇ ಕೇಳಿಕೊಂಡು ಬಂದಿದ್ದರು. ಬಳಕೆಯಲ್ಲಿರುವ ದೋಣಿ ಪರಂಪರೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ವಾಪಸು ಕಳಿಸಿದಿರಿ. ಅಂದರೆ ತಿರುಗಾಡುತ್ತಿದ್ದರೆ ಪರಂಪರೆ ಅಲ್ಲ, ಸತ್ತರೆ ಪರಂಪರೆ. ಒಂದು ಹಲಗೆ ಕೊಟ್ಟು ಬದುಕಿಸಬಹುದಾಗಿದ್ದನ್ನು ಸಾಯಿಸಿ ಸಿಂಗರಿಸಲು ಹೊರಟಿದ್ದೀರಿ. ಇದನ್ನು ನೋಡಿ ಹೇಸಿಗೆ ಪಡದೆ ಇನ್ನೇನು ಮಾಡಲಿ?

ಇಲ್ಲಿಗೆ ನಿಲ್ಲಿಸಿ ಮನೆಗೆ ಹೋಗುತ್ತಿದ್ದೆನೇನೋ. ಆದರೆ ಕಾರ ಹುಣ್ಣಿಮೆ ಮುಗಿದಿದೆ, ಹೊಳೆ ಏರುತ್ತಿದೆ. ದೊಡ್ಡವ್ವನ ಸೊಸೆ ತ್ರಿವೇಣಿ ಆಚೆ ದಂಡೆಯ ಹೊಲದಲ್ಲಿ ಭತ್ತ ಬಿತ್ತಿದ್ದಾಳೆ, ನೀರು ಕಡಿಮೆ ಇದ್ದಾಗ ದಾಟಿ ಹೋಗಿ ಬಿತ್ತಿ ಬಂದದ್ದು. ಅವಳೊಬ್ಬಳೇ ಅಲ್ಲ, ಅರ್ಧ ಊರು ಹಾಗೆ ಬಿತ್ತಿದೆ. ಈಗ ಈಚೆ ದಂಡೆಯಲ್ಲಿ ನಿಂತರೆ ಆಚೆ ಭತ್ತ ಎದ್ದದ್ದು ಕಾಣುತ್ತದೆ, ಅದರ ಜೊತೆಗೆ ಕಸ ಎದ್ದದ್ದೂ ಕಾಣುತ್ತದೆ. ಹೋಗಿ ಕೀಳಲು ದಾರಿ ಇಲ್ಲ. ಹೋದ ರವಿವಾರ ಊರಿಗೆ ಹೋಗಿದ್ದಾಗ ಸಾಹೇಬರು ವಿಚಾರ ಮಾಡುತ್ತಾರಂತೆ ಎಂದು ಅವಳಿಗೆ ಸಮಾಧಾನ ಹೇಳಲು ಹೋದೆ. ಅವಳು ನನ್ನನ್ನು ನೋಡಲಿಲ್ಲ, ಹೊಳೆಯನ್ನೇ ನೋಡುತ್ತ ಅಂದಳು:

“ಭತ್ತಕ್ಕಿಂತ ಕಸ ಎತ್ತರ ಆದ ಮ್ಯಾಲ ನಾವಿ ಬಂದ್ರ, ಅದರಾಗ ಕುಂತು ಏನ್ ನೋಡಾಕ ಹೋಗೂದ್ರಿ ಭಾವಾರ?”

ಇದಕ್ಕೆ ನಿಮ್ಮ ಹತ್ತಿರ ಉತ್ತರ ಇದ್ದರೆ ನಮ್ಮೂರಿಗೆ ಬಂದು ಅವಳಿಗೇ ಹೇಳಿ. ಬರುವಾಗ ಆ ಶಾಲನ್ನು ತರಬೇಡಿ.

ಆದ್ದರಿಂದ ನನ್ನ ಬೇಡಿಕೆ. ಮುಂದಿನ ವಾರ ಫೈಬರ್ ಕೆಲಸ ಶುರುವಾಗುತ್ತದೆಂದು ತಿಳಿದಿದೆ. ಅದನ್ನು ನಿಲ್ಲಿಸಿ. ತಳಕ್ಕೆ ಒಂದು ತೂತೂ ಬೀಳಕೂಡದು. ಬರುವ ಸೋಮವಾರದೊಳಗೆ ನಾವೆಯನ್ನು ಊರಿಗೆ ಮುಟ್ಟಿಸಿ, ಮನೆಮನೆಯ ಕಲ್ಲುಗಳನ್ನೂ ಕೂಡ. ಸಿಮೆಂಟಿನ ತುಂಡು ನಿಮ್ಮ ತಜ್ಞರಿಗೆ ಬಹಳ ಇಷ್ಟವಾಗಿದ್ದರೆ ಇಟ್ಟುಕೊಳ್ಳಿ, ಬಂಡೆಪ್ಪನನ್ನು ನಾನು ಒಪ್ಪಿಸುತ್ತೇನೆ. ನಿಮ್ಮ ಕಟ್ಟೆಯ ಮೇಲೆ ಬೇಕಾದರೆ ಫೈಬರಿನದೇ ಒಂದು ಹಡಗು ಮಾಡಿಸಿ ನಿಲ್ಲಿಸಿ, ಓಂಕಾರ ಚೆಂದ ಮಾಡಿಕೊಡುತ್ತಾನೆ. ಅದಕ್ಕೆ ಬಿಸಿಲು, ಮಳೆ, ತಾವು, ಯಾವುದರಿಂದಲೂ ತೊಂದರೆ ಇಲ್ಲ.

ಸೋಮವಾರ ಸಂಜೆಯವರೆಗೆ ನಾವೆ ಬರದಿದ್ದರೆ ಮಂಗಳವಾರ ಹಾಡುಹಗಲೇ ನನ್ನ ಲಾರಿ ಓಂಕಾರನ ಅಂಗಳಕ್ಕೆ ಬರುತ್ತದೆ. ಊರಿನ ಜನ ಅದರಲ್ಲಿ ಇರುತ್ತಾರೆ. ಕೀಲಿ ಒಡೆಯುವವನು ನಾನು, ಓಂಕಾರನಿಗೆ ಅದರ ಸಂಬಂಧವಿಲ್ಲ. ಸರ್ಕಾರಿ ಸ್ವತ್ತಿನ ಕಳ್ಳತನ ಎಂದು ಪೊಲೀಸರಿಗೆ ದೂರು ಕೊಡಿ, ಅದು ನಿಮ್ಮ ಕರ್ತವ್ಯ. ಆದರೆ ದೂರಿನಲ್ಲಿ ಹಡಗು ಎಂದು ಬರೆಸಿ ನಗೆಪಾಟಲಾಗಬೇಡಿ. ಕದ್ದ ಮಾಲು ಎಲ್ಲಿದೆ ಎಂದು ಅವರು ಅಲೆಯುವುದೂ ಬೇಡ, ಈಗಲೇ ಹೇಳಿಬಿಡುತ್ತೇನೆ. ನಮ್ಮೂರ ಮುಂದಿನ ಮಡುವಿನಲ್ಲಿ, ನೀರಿನ ಕೆಳಗೆ, ಮೈಮೇಲೆ ಮನೆಗೊಂದು ಹೊಸ ಕಲ್ಲು ಹೇರಿಕೊಂಡು ಇರುತ್ತದೆ. ಹಲಗೆ ಉಬ್ಬಿ ಸಂದು ಕೂಡುವವರೆಗೆ ಅಲ್ಲೇ ಇರುತ್ತದೆ, ದಂಡೆಯ ಮೇಲೆ ಫಕೀರವ್ವ ಗಳ ಹಿಡಿದು ಕೂತಿರುತ್ತಾಳೆ. ಪೊಲೀಸರಿಗೆ ಹೇಳಿ ಕಳಿಸಿ, ಮಾತಾಡುವುದಿದ್ದರೆ ಚಪ್ಪಲಿ ದೂರ ಬಿಟ್ಟು ಅವಳ ಹತ್ತಿರ ಹೋಗಲಿ.

ಇಂತಿ,
ಕಳ್ಳತನಕ್ಕೆ ಮೊದಲೇ ತಪ್ಪೊಪ್ಪಿಕೊಂಡಿರುವ,
ಕಲ್ಮೇಶ ಅಂಬಿಗೇರ
ಲಾರಿ ಬಾಡಿ ಕಟ್ಟುವವನು, ಆಟೋ ನಗರ, ಬೆಳಗಾವಿ
(ಗಾಜಿನ ಕಪಾಟಿನಲ್ಲಿರುವ ಒಡೆದ ಒಳಕಲ್ಲಿನ ವಾರಸುದಾರ)