ಅಪ್ಪನ ಪಕ್ಕದಲ್ಲಿ ಕೂರಿಸಿ ಕೇಳಿದ ಪ್ರಶ್ನೆ

ಮಕ್ಕಳ ರಕ್ಷಣಾ ಅಧಿಕಾರಿಗಳಿಗೆ,

ಮಾನ್ಯರೇ, ಒಂಬತ್ತು ವರ್ಷದ ಹುಡುಗಿಯೊಬ್ಬಳಿಗೆ ಮನೆಯಲ್ಲಿ ಏಟು ಬೀಳುತ್ತಿದೆ ಎಂದು ನಾನು ನಿಮಗೆ ದೂರು ಕೊಟ್ಟೆ. ನೀವು ಆ ಮನೆಗೆ ಹೋದಿರಿ. ಹೊಡೆಯುವವನ ಪಕ್ಕದಲ್ಲೇ ಅವಳನ್ನು ಕೂರಿಸಿ, "ಅಪ್ಪ ಹೊಡೀತಾರಾ ಪುಟ್ಟಿ?" ಎಂದು ಕೇಳಿದಿರಿ. ಅವಳು ಇಲ್ಲ ಎಂದ ಕೂಡಲೇ ಕಡತ ಮುಚ್ಚಿ ಎದ್ದು ಬಂದಿರಿ. ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೊಟ್ಟ ಅರ್ಜಿಯ ಗತಿ ಏನಾಗುತ್ತದೆಂದು ನೋಡಿಯಾಯಿತು. ಅದಕ್ಕೇ ಈ ಸಲ ಪತ್ರಿಕೆಯಲ್ಲಿ, ನಾಲ್ಕು ಜನರ ಎದುರಿಗೆ ಬರೆಯುತ್ತಿದ್ದೇನೆ. ಹುಡುಗಿಯ ಹೆಸರಾಗಲಿ, ಬೀದಿಯ ಹೆಸರಾಗಲಿ ಇಲ್ಲಿ ಇಲ್ಲ. ನಿಮ್ಮ ಬಳಿ ಎಲ್ಲವೂ ಇದೆ, ಅದೂ ಮೂರು ಪ್ರತಿಗಳಲ್ಲಿ.

ನಾನು ಶಾಲೆಯ ಯೂನಿಫಾರ್ಮ್ ಹೊಲಿಯುವವಳು. ಇಪ್ಪತ್ತೆರಡು ವರ್ಷಗಳಿಂದ ಇದೇ ಕಸುಬು. ಶಾಲೆ ಶುರುವಾಗುವ ಮುಂಚಿನ ಮೂರು ವಾರ ನನ್ನ ಅಂಗಡಿಯಲ್ಲಿ ಮಕ್ಕಳದೇ ಸಂತೆ. ಟೇಪು ಸುತ್ತಿದರೆ ಕಚಗುಳಿಯಾಗಿ ಕುಣಿಯದ ಮಗುವಿಲ್ಲ. ಒಬ್ಬಳ ಅಳತೆ ಬರೆದುಕೊಳ್ಳುವಷ್ಟರಲ್ಲಿ ಇನ್ನೊಬ್ಬ ಗುಂಡಿಯ ಡಬ್ಬ ಉರುಳಿಸಿರುತ್ತಾನೆ. ಕಳೆದ ವರ್ಷ ಈ ಹುಡುಗಿ ಮಾತ್ರ ಕಂಬದ ಹಾಗೆ ನಿಂತಿದ್ದಳು. "ಆಂಟಿ, ತೋಳು ಪೂರ್ತಿ ಇಡಿ, ಮಣಿಕಟ್ಟಿನವರೆಗೂ" ಎಂದಳು. ಈ ಸೆಕೆಯಲ್ಲಿ ಯಾಕಮ್ಮಾ ಎಂದರೆ, "ನಂಗೆ ಚಳಿ ಜಾಸ್ತಿ" ಎಂದಳು. ನಾನೂ ಭಾರೀ ಜಾಣೆ ನೋಡಿ, ನಂಬಿದೆ. ಹೊಲಿದುಕೊಟ್ಟೆ. ತೋಳು ಚೆನ್ನಾಗಿ ಕೂತಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಒಂದು ವರ್ಷ ಪೂರ್ತಿ ಆ ಗಾಯಗಳನ್ನು ಊರಿನ ಕಣ್ಣಿಂದ ಮುಚ್ಚಿಟ್ಟಿದ್ದು ನಾನು ಹೊಲಿದ ಬಟ್ಟೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ನಿಮಗೂ ಸ್ವಲ್ಪ ಆಗಲಿ ಎಂದೇ ಬರೆಯುತ್ತಿದ್ದೇನೆ.

ಈ ವರ್ಷ ಮತ್ತೆ ಬಂದಳು. ಎದೆಯ ಸುತ್ತಳತೆ ಬರೆದುಕೊಂಡು ಹಳೆಯ ಅಳತೆ ಪುಸ್ತಕ ತಿರುವಿದರೆ, ಹೋದ ವರ್ಷಕ್ಕಿಂತ ಅರ್ಧ ಇಂಚು ಕಡಿಮೆ. ಬೆಳೆಯುವ ಮಗು ಕುಗ್ಗುತ್ತದೆಯೇ ಸ್ವಾಮಿ? ನನ್ನ ಟೇಪೇ ತಪ್ಪಿರಬೇಕೆಂದು ಕೈ ಎತ್ತಿಸಿ ಮತ್ತೊಮ್ಮೆ ಸುತ್ತಲು ಹೋದೆ. ಅಂಗಿಯ ತೋಳು ಮೇಲೆ ಸರಿಯಿತು. ಬೆಲ್ಟಿನ ಬಾಸುಂಡೆಗಳು. ಮಾಸಿದವು, ಮಾಸುತ್ತಿರುವವು, ಆವತ್ತಿನವು. ಒಂದು ಕಡೆ ಬಕಲ್ಲಿನ ಗುರುತು. ಅವಳು ತೋಳು ಕೆಳಗೆಳೆದುಕೊಂಡು, "ಬಿದ್ದುಬಿಟ್ಟೆ ಆಂಟಿ" ಎಂದಳು. ನಾನಿನ್ನೂ ಏನೂ ಕೇಳಿರಲೇ ಇಲ್ಲ.

ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ ನಿಮ್ಮ ಕಚೇರಿಗೆ ಬಂದೆ. ನಗುವ ಮಕ್ಕಳ ದೊಡ್ಡ ಚಿತ್ರದ ಕೆಳಗೆ ಕೂತಿದ್ದ ನಿಮ್ಮ ಗುಮಾಸ್ತರು ಕೇಳಿದರು: "ಹೊಡೆದದ್ದನ್ನ ಕಣ್ಣಾರೆ ನೋಡಿದ್ರಾ?"

"ಗಾಯ ನೋಡಿದೀನಿ."

"ಗಾಯ ನೋಡೋದು ಬೇರೆ ಅಮ್ಮಾ, ಹೊಡೆಯೋದು ನೋಡೋದು ಬೇರೆ."

ಹೊಡೆಯುವವರು ಇನ್ನುಮುಂದೆ ಸಾಕ್ಷಿಗಳನ್ನು ಮೊದಲೇ ಕರೆಸಿ, ಕುರ್ಚಿ ಹಾಕಿ ಕೂರಿಸಿಕೊಂಡು ಬೆಲ್ಟು ಬಿಚ್ಚಬೇಕು ಎಂಬುದು ಇಲಾಖೆಯ ನಿರೀಕ್ಷೆಯೋ ಏನೋ. ಅಂತೂ ದೂರು ಬರೆಸಿಕೊಂಡರು. ಹತ್ತು ದಿನಗಳ ಬಳಿಕ ನಿಮ್ಮ ವರದಿಯ ಪ್ರತಿ ನನ್ನ ಕೈ ಸೇರಿತು. "ಮಗುವನ್ನು ತಂದೆಯವರ ಸಮ್ಮುಖದಲ್ಲಿ ವಿಚಾರಿಸಲಾಗಿ, ತನಗೆ ಯಾವುದೇ ತೊಂದರೆ ಇರುವುದಿಲ್ಲವೆಂದು ನಗುಮುಖದಿಂದ ತಿಳಿಸಿರುತ್ತಾಳೆ. ತಂದೆಯವರು ಸುಶಿಕ್ಷಿತರೂ ಸಭ್ಯರೂ ಆಗಿರುತ್ತಾರೆ." ನಗುಮುಖದಿಂದ! ಆ ಪದ ಬರೆಯುವಾಗ ನಿಮ್ಮ ಪೆನ್ನು ಒಂದು ಕ್ಷಣವೂ ತಡವರಿಸಲಿಲ್ಲವೇ? ಪಕ್ಕದಲ್ಲಿ ಅಪ್ಪ ಕೂತಿರುವಾಗ ಅವಳು ಇನ್ನಾವ ಮುಖ ಮಾಡಬೇಕಿತ್ತು? ಇನ್ನು ಸಭ್ಯತೆಯ ಮಾತು. ಆತ ಬ್ಯಾಂಕಿನ ಗುಮಾಸ್ತ, ಇಸ್ತ್ರಿ ಅಂಗಿ, ಬೀದಿಯವರಿಗೆಲ್ಲ ಪುಕ್ಕಟೆಯಾಗಿ ಅರ್ಜಿ ತುಂಬಿಕೊಡುತ್ತಾನೆ, ನಿಜ. ಬೀದಿಯವರನ್ನು ಆತ ಹೊಡೆಯುತ್ತಾನೆಂದು ನಾನು ದೂರಿರಲಿಲ್ಲವಲ್ಲ. ಆ ಮಗುವಿನ ತೋಳನ್ನು ಒಮ್ಮೆ ಸರಿಸಿ ನೋಡಲು ಎಷ್ಟು ಹೊತ್ತು ಬೇಕಿತ್ತು? ನನಗೆ ಅರೆ ನಿಮಿಷ ಸಾಕಾಯಿತು, ಅದೂ ಅಪ್ಪಿತಪ್ಪಿ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಿಮ್ಮನ್ನು ಬರೀ ಸೋಮಾರಿ ಎಂದು ಬೈದು ಸುಮ್ಮನಾಗುತ್ತಿದ್ದೆ. ನಿಯಮ ಮೀರಬಾರದೆಂದು ನೀವು ಇನ್ನೊಂದು ಪ್ರತಿಯನ್ನು "ಸಂಬಂಧಪಟ್ಟವರಿಗೆ", ಅಂದರೆ ಆತನಿಗೂ ಕಳಿಸಿದಿರಿ. ದೂರುದಾರರ ಹೆಸರು, ಅಂಗಡಿಯ ವಿಳಾಸ, ದೂರಿನ ಪೂರ್ತಿ ಒಕ್ಕಣೆ ಸಮೇತ. ಆತ ಆ ಕಾಗದ ಹಿಡಿದು ನೇರ ನನ್ನ ಅಂಗಡಿಗೆ ಬಂದ. ಗಲಾಟೆ ಮಾಡಲಿಲ್ಲ, ಸಭ್ಯನಲ್ಲವೇ. "ಹೊಲಿಗೆ ಮಾಡ್ಕೊಂಡು ತೆಪ್ಪಗಿರಮ್ಮಾ. ನಮ್ಮನೆ ವಿಷಯಕ್ಕೆ ಮೂಗು ತೂರಿಸಿದ್ರೆ ಆ ಮಗೂಗೇ ಕಷ್ಟ" ಎಂದು ಮೆಲ್ಲಗೆ ಹೇಳಿ, ಕಾಗದವನ್ನು ನೀಟಾಗಿ ಮಡಚಿ ಜೇಬಿಗಿಟ್ಟುಕೊಂಡು ಹೋದ. ಆವತ್ತಿನಿಂದ ಹನ್ನೊಂದು ದಿನ ಹುಡುಗಿ ಶಾಲೆಗೆ ಹೋಗಲಿಲ್ಲ. ಶಾಲೆಯವರನ್ನು ಕೇಳಿದರೆ "ಹುಷಾರಿಲ್ವಂತೆ" ಎಂದರು. ಯಾಕೆ ಹುಷಾರಿಲ್ಲ ಎಂದು ನಿಮಗೆ ಬಿಡಿಸಿ ಹೇಳಬೇಕೇ? ಅವಳ ಬೆನ್ನ ಮೇಲೆ ಈಗ ಇರುವ ಗಾಯಗಳಲ್ಲಿ ನಿಮ್ಮ ಪಾಲೂ ಇದೆ.

ಹನ್ನೆರಡನೆಯ ದಿನ ಮಧ್ಯಾಹ್ನ ಹುಡುಗಿಯ ತಾಯಿ ಅಂಗಡಿಗೆ ಬಂದಳು. ನಿಂತೇ ಮಾತಾಡಿದಳು. "ಅಕ್ಕಾ, ಅವಳ ಯೂನಿಫಾರ್ಮ್ ಹೊಲೀಬೇಡಿ. ಶಾಲೆ ಬಿಡಿಸ್ತಾರಂತೆ." ಆಮೇಲೆ ಬಾಗಿಲ ಕಡೆ ನೋಡುತ್ತಾ, "ನೀವು ಬರ್ಕೊಟ್ಟಿದ್ದು ಸುಳ್ಳಲ್ಲ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. "ಇದನ್ನ ಆವತ್ತು ಆಫೀಸರ್ ಮುಂದೆ ಹೇಳೋಕೇನಾಗಿತ್ತು ನಿನಗೆ?"

"ಯಾರು ಕೇಳಿದ್ರು ಅಕ್ಕಾ? ಸಾಹೇಬ್ರು ನನ್ನ ಹತ್ರ ಕೇಳಿದ್ದು ಒಂದೇ. ಕುಡಿಯೋಕೆ ನೀರು."

ನಿಮ್ಮ ವರದಿಯನ್ನು ಮತ್ತೆ ತೆಗೆದು ನೋಡಿದೆ. ನಾಲ್ಕು ಪುಟಗಳಲ್ಲಿ ಆ ತಾಯಿಯ ಒಂದು ಮಾತೂ ಇಲ್ಲ. ಸಿಟ್ಟನ್ನು ತಪ್ಪು ಕಡೆ ತೋರಿಸಿದ್ದೆ.

ತಾಯಿ ಮಗಳು ಇಬ್ಬರೂ ಈಗಾಗಲೇ ಆ ಮನೆ ಬಿಟ್ಟು ಬಂದಿದ್ದಾರೆ. ವೈದ್ಯರೊಬ್ಬರು ಗಾಯಗಳನ್ನು ನೋಡಿ ಬರೆದುಕೊಟ್ಟಿದ್ದಾರೆ. ತಾಯಿ ಮಗಳು ಎಲ್ಲಿದ್ದಾರೆಂದು ನಿಮಗೆ ತಿಳಿಸುವುದಿಲ್ಲ. ತಿಳಿಸಿದರೆ ಒಂದು ಪ್ರತಿ ಆತನಿಗೂ ಹೋಗುತ್ತದಲ್ಲ. ನನಗೆ ಬೇಕಾದದ್ದು ಇಷ್ಟು. ಕಡತ ಮತ್ತೆ ತೆರೆಯಿರಿ. ಆತ ಕಾಲಿಡಲಾಗದ ಒಂದು ಕೋಣೆ ಕೊಡಿ. ಮಕ್ಕಳ ಜೊತೆ ಮಾತಾಡಲು ಬಲ್ಲ ಒಬ್ಬ ಹೆಂಗಸನ್ನು ಅಲ್ಲಿ ಕೂರಿಸಿ. ಕೇಳಿದ ಮೇಲೆ ಮಗು ಬಾಯಿ ಬಿಡುವವರೆಗೆ ಗಡಿಯಾರ ನೋಡದೆ ಕಾಯುವಂಥವರು ಇರಲಿ. ತಾಯಿಯನ್ನೂ ಬೇರೆಯಾಗಿ ಕೇಳಿ. ದೂರು ಕೊಟ್ಟವರ ಹೆಸರನ್ನು ಹೊಡೆದವರ ಕೈಗೆ ಕೊಡುವ ನಿಮ್ಮ ನಿಯಮವನ್ನು ಇಂದೇ ಹರಿದು ಹಾಕಿ. ಇದಾಗುವವರೆಗೆ ನಾನು ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ನಿಮ್ಮ ಬಾಗಿಲಲ್ಲಿ ನಿಂತಿರುತ್ತೇನೆ.

ನಿನ್ನೆ ಹುಡುಗಿ ನನ್ನನ್ನು ಕೇಳಿದಳು: "ಆಂಟಿ, ಈ ಸಲ ನಿಜ ಹೇಳಿದ್ರೆ, ಆಮೇಲೆ ನನ್ನನ್ನ ವಾಪಸ್ ಅಲ್ಲಿಗೇ ಕಳಿಸ್ತಾರಾ?"

 ಇಲ್ಲ ಎಂದು ಹೇಳಬೇಕಾದವರು ನೀವು. ಅವಳು ಕಾಯುತ್ತಿದ್ದಾಳೆ.

ಇಂತಿ,
ನೋಡಬೇಕಾದದ್ದನ್ನು ಒಂದು ವರ್ಷ ತಡವಾಗಿ ನೋಡಿದ
ಯೂನಿಫಾರ್ಮ್ ಹೊಲಿಯುವವಳು